ಬಿಡುವ ಮನೆಗೆ ಬಣ್ಣ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿಟ್ಟು ಹೋದರು. ಅದರ ಜೊತೆಗೆ ಬಾಡಿಗೆ ಮನೆ ಖಾಲಿ ಮಾಡಿ ನೋಡು ಅಂತ ಇನ್ನೊಂದು ಮಾತು ಸೇರಿಸಿದ್ದರೆ ನಮ್ಮಂಥವರಿಗೆ ಎಷ್ಟೋ ಅನುಕೂಲವಾಗುತ್ತಿತ್ತು!

ಹೋದ ವಾರ ಒಬ್ಬ ಓದುಗ ಸೋದರಿಯ ಪತ್ರ ಬಂತು. "ನಾವು ಮನೆ ಬದಲಿಸುತ್ತಿದ್ದೇವೆ. ಬಣ್ಣ ಹೊಡೆಸಿ ಕೊಡಿ, ಇಲ್ಲದಿದ್ದರೆ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ ಅಂತ ಮನೆಯವರು ಹೇಳುತ್ತಿದ್ದಾರೆ. ಸರ್ಕಲ್ಲಿನಲ್ಲಿ ನಿಲ್ಲುವ ದಿನಗೂಲಿಯವರನ್ನು ಕರೆದುಕೊಂಡು ಬಂದು ಮಾಡಿಸಬಹುದೇ? ನಂಬಬಹುದೇ?" ಅಂತ ಕೇಳಿದ್ದಾರೆ. ಮಾಡಿಸಬಹುದು ಸೋದರಿ, ಖಂಡಿತ ಮಾಡಿಸಬಹುದು. ನಂಬಬಹುದೇ ಅನ್ನುವುದಕ್ಕೆ ಮಾತ್ರ ನಾನು ಒಂದೇ ಮಾತಿನಲ್ಲಿ ಉತ್ತರ ಹೇಳಲಾರೆ. ನನ್ನದೇ ಕಥೆ ಹೇಳಿಬಿಡುತ್ತೇನೆ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ, ಆದರೂ ಹೇಳುತ್ತೇನೆ.

ಇದು 2024ರ ಮಾತು. ಬೆಂಗಳೂರಿನಲ್ಲಿ ಎಂಟು ವರ್ಷ ಇದ್ದ ಎರಡು ರೂಮಿನ ಅಪಾರ್ಟ್‌ಮೆಂಟ್ ಮನೆಯನ್ನು ಬಿಡಬೇಕಾಗಿ ಬಂತು. ಜುಲೈನಲ್ಲೇ ಹೊಸ ಮನೆ ಗೊತ್ತಾಗಿತ್ತು. ಆದರೆ ಆಷಾಢದಲ್ಲಿ ಮನೆ ಬದಲಿಸುವುದುಂಟೇ ಅಂತ ನಮ್ಮ ಅತ್ತೆಯವರು ಪಟ್ಟು ಹಿಡಿದರು. ಸರಿ, ಶ್ರಾವಣ ಬರಲಿ ಅಂತ ಕಾದೆವು. ಶ್ರಾವಣದ ಜೊತೆಗೆ ಮಳೆಯೂ ಬಂತು! ವರಮಹಾಲಕ್ಷ್ಮಿ ಹಬ್ಬ ಹಳೇ ಮನೆಯಲ್ಲೇ ಆಯಿತು. ಆಗಸ್ಟ್ 31ಕ್ಕೆ ಬೀಗದ ಕೈ ಕೊಡುವುದು ಅಂತ ಮಾತಾಯಿತು.

ಬಾಡಿಗೆ 18,000 ರೂಪಾಯಿ. ಅಡ್ವಾನ್ಸು ಹತ್ತು ತಿಂಗಳದ್ದು, ಅಂದರೆ 1,80,000. ಮಗಳ ಪಿಯುಸಿ ಫೀಸು, ಹೊಸ ಮನೆಯ ಅಡ್ವಾನ್ಸು ಎಲ್ಲದಕ್ಕೂ ಆ ದುಡ್ಡೇ ಆಧಾರ. ಹೊಸ ಮನೆಯವರಿಗೆ ಅರ್ಧ ಕೊಟ್ಟು, ಮಿಕ್ಕ ಅರ್ಧಕ್ಕೆ ಹದಿನೈದು ದಿನದ ಗಡುವು ಕೇಳಿಕೊಂಡಿದ್ದೆವು.

ನಮ್ಮ ಮನೆಯ ಓನರು ಕರಾರು ಪತ್ರ ತೆಗೆದು ತೋರಿಸಿದರು. ಖಾಲಿ ಮಾಡುವಾಗ ಬಣ್ಣಕ್ಕೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯತಕ್ಕದ್ದು ಅಂತ ಅದರಲ್ಲಿ ಇತ್ತು. ಎಂಟು ವರ್ಷದ ಹಿಂದೆ ಸಹಿ ಹಾಕುವಾಗ ಅದನ್ನು ಯಾರು ಓದಿದ್ದರು! "ಇಲ್ಲಾಂದ್ರೆ ನೀವೇ ಮಾಡಿಸಿ ಕೊಡಿ ಅಮ್ಮಾ, ನಂದೇನೂ ಅಭ್ಯಂತರ ಇಲ್ಲ" ಅಂದರು.

ಇಲ್ಲೊಂದು ಮಾತು. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ತೆಗೆದುಕೊಳ್ಳಬಾರದು ಅಂತಲೂ, ಬೇರೆ ಮಾತಾಗಿಲ್ಲದಿದ್ದರೆ ಗೋಡೆಗೆ ಸುಣ್ಣ ಬಳಿಸುವುದು, ಬಾಗಿಲು ಕಿಟಕಿಗೆ ಬಣ್ಣ ಹೊಡೆಸುವುದು ಮನೆ ಮಾಲೀಕರ ಕೆಲಸ ಅಂತಲೂ ಇದೆ. ಕೇಳಲು ಎಷ್ಟು ಹಿತ! ಆದರೆ ಅದು ಮಾದರಿ ಮಾತ್ರ. ಆಯಾ ರಾಜ್ಯ ತಾನೇ ಕಾನೂನು ಮಾಡಿದರೆ ಮಾತ್ರ ನಡೆಯುತ್ತದೆ. ಹಾಗಾಗಿ ಕರಾರು ಪತ್ರದಲ್ಲಿ ಏನು ಬರೆದಿದೆ ಅನ್ನುವುದನ್ನು ಸಹಿ ಹಾಕುವ ಮುಂಚೆ ಓದಿಕೊಳ್ಳಿ.

ನಮ್ಮವರು ಲೆಕ್ಕ ಹಾಕಿದರು. ಕಂಟ್ರಾಕ್ಟರನ್ನು ಕೇಳಿದರೆ ಇಪ್ಪತ್ತು ಸಾವಿರದ ಮೇಲೆ ಹೇಳಿದ. ಅದಕ್ಕಿಂತ ಓನರಿಗೆ ಹದಿನೆಂಟು ಬಿಟ್ಟುಬಿಡುವುದೇ ವಾಸಿ. ಆಗ ನಾನೇ ಅಂದೆ: "ಸರ್ಕಲ್ಲಿಗೆ ಹೋಗಿ ಇಬ್ಬರನ್ನು ಕರ್ಕೊಂಡು ಬರ್ತೀನಿ. ಸಾಮಾನು ನಾವೇ ತರೋಣ. ನಿಂತು ಮಾಡಿಸ್ತೀನಿ."

ಬಣ್ಣ ಎಷ್ಟು ಬೇಕು ಅಂತ ಲೆಕ್ಕ ಹಾಕುವುದು ಸುಲಭ. ಗೋಡೆಗಳ ಸುತ್ತಳತೆಯನ್ನು ಎತ್ತರದಿಂದ ಗುಣಿಸಿ, ಬಾಗಿಲು ಕಿಟಕಿಯನ್ನು ಕಳೆಯಬೇಕು. ಹತ್ತಕ್ಕೆ ಹನ್ನೆರಡು ಅಡಿಯ ರೂಮಾದರೆ ಸುತ್ತಳತೆ 44 ಅಡಿ. ಹತ್ತಡಿ ಎತ್ತರ ಅಂದರೆ 440 ಚದರಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 400. ಒಂದು ಲೀಟರು ಎಮಲ್ಷನ್ ಬಣ್ಣ ನುಣುಪಾದ ಗೋಡೆಗೆ ಒಂದು ಸಲಕ್ಕೆ ಸುಮಾರು 130 ಚದರಡಿ ಬರುತ್ತದೆ. ಎರಡು ಕೈ ಹೊಡೆಯಲು ಈ ರೂಮಿಗೆ ಆರರಿಂದ ಏಳು ಲೀಟರು ಬೇಕು. ಹಾಲು ಮತ್ತು ಎರಡು ರೂಮು ಸೇರಿ ನಮಗೆ 20 ಲೀಟರಿನ ಒಂದು ಬಕೀಟು ಸರಿಹೋಯಿತು. ಅದಕ್ಕೆ 3,400 ರೂಪಾಯಿ. ಮೇಲಿನ ತಾರಸಿಗೆ, ಅಡುಗೆಮನೆಗೆ ಡಿಸ್ಟೆಂಪರು, ನಾಲ್ಕು ಲೀಟರು ಪ್ರೈಮರು, ಮೊಳೆ ತೂತು ಮುಚ್ಚಲು ಪುಟ್ಟಿ, ರೋಲರು, ಬ್ರಷ್ಷು, ಉಜ್ಜುವ ಪೇಪರು ಎಲ್ಲ ಸೇರಿ ಇನ್ನೊಂದು 2,100.

ಗೋಕುಲಾಷ್ಟಮಿಯ ಮರುದಿನ, 27ನೇ ತಾರೀಖು ಬೆಳಿಗ್ಗೆ ಏಳೂವರೆಗೆ ಸರ್ಕಲ್ಲಿಗೆ ಹೋದೆ. ದಿನಾ ತರಕಾರಿಗೆ ಹೋಗುವ ದಾರಿಯೇ. ಆದರೂ ಆ ಜನರನ್ನು ನಾನು ನಿಂತು ನೋಡಿದ್ದೇ ಇಲ್ಲ. ಗಾರೆಯವರು ಒಂದು ಕಡೆ, ಮಣ್ಣು ಕೆಲಸದ ಹೆಂಗಸರು ಒಂದು ಕಡೆ, ಬಣ್ಣದವರು ಇನ್ನೊಂದು ಕಡೆ. ನಾನು ನಿಂತದ್ದೇ ತಡ, ಹತ್ತು ಜನ ಸುತ್ತುವರಿದರು. ನನಗೆ ಗಾಬರಿಯೇ ಆಯಿತು. ಒಬ್ಬ ಹಿರಿಯಾತ ಮಾತ್ರ ಕೈಚೀಲ ಹಿಡಿದು ಹಿಂದೆ ನಿಂತಿದ್ದ. ಪಕ್ಕದಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗ. ಯಾದಗಿರಿ ಕಡೆಯವರು, ಹುಡುಗ ಅವನ ಅಕ್ಕನ ಮಗ. ಹಿರಿಯಾತನಿಗೆ ದಿನಕ್ಕೆ ಸಾವಿರ, ಹುಡುಗನಿಗೆ ಎಂಟುನೂರು, ಮೂರು ದಿನದ ಕೆಲಸ ಅಂತ ಮಾತಾಯಿತು. ಕೂಲಿ 5,400, ಸಾಮಾನು 5,500, ಒಟ್ಟು 10,900. ಹದಿನೆಂಟು ಸಾವಿರದಲ್ಲಿ ಏಳು ಸಾವಿರ ಉಳಿಯಿತು ಅಂತ ನಾನು ದಾರಿಯಲ್ಲೇ ಲೆಕ್ಕ ಹಾಕಿ ಬೀಗಿದೆ!

ಅಡುಗೆ ಸಾಮಾನೆಲ್ಲ ಮೂಟೆ ಕಟ್ಟಿಯಾಗಿತ್ತು. ಒಂದು ಒಲೆ, ಎರಡು ಪಾತ್ರೆ ಮಾತ್ರ ಹೊರಗಿತ್ತು. ಮೂರು ದಿನವೂ ಮಧ್ಯಾಹ್ನ ಎಲ್ಲರಿಗೂ ಒಂದೇ ಅಡುಗೆ. ಒಂದು ದಿನ ಚಿತ್ರಾನ್ನ, ಒಂದು ದಿನ ಟೊಮೇಟೊ ಬಾತು, ಒಂದು ದಿನ ಉಪ್ಪಿಟ್ಟು. ಕೆಲಸದವರು ಬುತ್ತಿ ತಂದಿದ್ದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ನಮ್ಮ ಮಗಳಿಗೂ ಒಂದು ರೊಟ್ಟಿ ಕೊಟ್ಟರು.

ಮೊದಲ ದಿನ ಗೋಡೆ ಕೆರೆದು ಉಜ್ಜುವಾಗಲೇ ಹಿರಿಯಾತ ಸಣ್ಣ ರೂಮಿನಿಂದ ಕರೆದ. ಆ ರೂಮಿನ ಒಂದು ಗೋಡೆಯ ಆಚೆ ಬದಿಗೆ ಬಚ್ಚಲುಮನೆ. ಕೆಳಗಡೆ ಮೂರಡಿಯವರೆಗೆ ಬೆಳ್ಳಗೆ ಉಪ್ಪು ಹೂವಿನ ಹಾಗೆ ಎದ್ದಿತ್ತು. ಅಲ್ಲಿ ಬೀರು ಇಟ್ಟಿದ್ದರಿಂದ ಇಷ್ಟು ವರ್ಷ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಅವನು ಅಂಗೈ ಊರಿ ನೋಡಿ, "ಈ ಗ್ವಾಡಿ ಹಸಿ ಅದರೀ ಅಕ್ಕೋರೆ. ಇದರ ಮ್ಯಾಲ ಬಣ್ಣ ನಿಂದ್ರಂಗಿಲ್ಲ. ಮೊದಲ ನೀರು ಎಲ್ಲಿಂದ ಬರ್ತದ ನೋಡಸ್ರಿ. ಒಣಗಿದ ಮ್ಯಾಲ ಬಂದು ಹೊಡದು ಹೋಗ್ತೀವಿ" ಅಂದ.

ನಾನು ಏನೆಂದುಕೊಂಡೆ ಗೊತ್ತೇ? ಇನ್ನೊಂದು ದಿನದ ಕೂಲಿಗೆ ದಾರಿ ಮಾಡಿಕೊಳ್ಳುತ್ತಿದ್ದಾನೆ ಅಂತ! "ಅಷ್ಟು ಟೈಮ್ ಎಲ್ಲಿದೆ ಯಜಮಾನ್ರೆ? ಮೂವತ್ತೊಂದಕ್ಕೆ ಬೀಗದ ಕೈ ಕೊಡ್ಬೇಕು. ಹೊಡೆದುಬಿಡಿ, ಏನೂ ಆಗಲ್ಲ" ಅಂದೆ. ಅವನು ಒಂದು ಗಳಿಗೆ ಸುಮ್ಮನಿದ್ದು, "ನೀವು ಹೇಳ್ದಂಗ್ರಿ" ಅಂತ ಕೆಲಸಕ್ಕೆ ಹೋದ.

ಎರಡನೇ ದಿನ ಇನ್ನೊಂದು ಸಲ ಕರೆದ. ಹಾಲಿನ ಮೂಲೆಯಲ್ಲಿ ಮಗಳ ಎತ್ತರ ಗುರುತು ಹಾಕಿದ ಪೆನ್ಸಿಲ್ ಗೆರೆಗಳಿದ್ದವು. ಮೂರನೇ ಕ್ಲಾಸಿನಿಂದ ಹಿಡಿದು ಹೋದ ವರ್ಷದವರೆಗೆ, ಪ್ರತಿ ಹುಟ್ಟುಹಬ್ಬಕ್ಕೆ ಒಂದೊಂದು. ಸುತ್ತಲೂ ಪ್ರೈಮರು ಬಳಿದು ಅಷ್ಟು ಜಾಗ ಮಾತ್ರ ಬಿಟ್ಟಿದ್ದ. "ಕೂಸಿನ ಗುರ್ತು ಅದಾವರಿ. ಫೋಟೋ ತಕ್ಕೊಂಡ್ರ ಆಮ್ಯಾಲ ಬಳೀತೀನಿ" ಅಂದ. ಮಗಳು ಓಡಿ ಬಂದು ಫೋನಿನಲ್ಲಿ ಹಿಡಿದುಕೊಂಡಳು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ನನಗೇ ಅದು ನೆನಪಾಗಿರಲಿಲ್ಲ.

ಮೂರನೇ ದಿನ ಸಂಜೆ ಕೆಲಸ ಮುಗಿಯಿತು. ಮನೆ ಬೆಳಕು ಬೆಳಕಾಗಿ ಕಂಡಿತು. ಆ ಒಂದು ಗೋಡೆ ಮಾತ್ರ ಮಂಕು ಮಂಕು. ದುಡ್ಡು ಕೊಡುವಾಗ ನನ್ನ ತಲೆಗೆ ಅದೇನು ಬುದ್ಧಿ ಬಂತೋ, ಹಿರಿಯಾತನ ಲೆಕ್ಕದಲ್ಲಿ ಐನೂರು ರೂಪಾಯಿ ಹಿಡಿದುಕೊಂಡೆ. "ಓನರು ನೋಡಿ ಒಪ್ಪಲಿ, ಮೂವತ್ತೊಂದಕ್ಕೆ ಫೋನ್ ಮಾಡಿ, ಕೊಡ್ತೀನಿ" ಅಂದೆ. ಹುಡುಗ ಏನೋ ಹೇಳಲು ಬಾಯಿ ತೆರೆದ. ಮಾವ ಕಣ್ಣಲ್ಲೇ ಸುಮ್ಮನಿರಿಸಿದ.

31ನೇ ತಾರೀಖು ಓನರು ಬಂದರು. ಎಲ್ಲ ನೋಡಿ ತಲೆ ಆಡಿಸಿದರು. ಸಣ್ಣ ರೂಮಿಗೆ ಬಂದರೆ... ಆ ಗೋಡೆಯ ಮೇಲೆ ಹಪ್ಪಳ ಕರಿದ ಹಾಗೆ ಗುಳ್ಳೆ ಗುಳ್ಳೆ! ಬೆರಳು ಇಟ್ಟರೆ ಬಣ್ಣದ ಪದರವೇ ಕೈಗೆ ಬಂತು. "ಸರ್ಕಲ್ಲಿನವರ ಕೈಲಿ ಮಾಡಿಸಿದ್ರೆ ಹೀಗೇ ಅಮ್ಮಾ. ಇದನ್ನ ಸರಿ ಮಾಡಿಸಿ, ಆಮೇಲೆ ಅಡ್ವಾನ್ಸಿನ ಮಾತು" ಅಂತ ಬೀಗದ ಕೈ ನಮ್ಮ ಹತ್ತಿರವೇ ಬಿಟ್ಟು ಹೋದರು. ನಮ್ಮವರ ಮುಖ ಕಪ್ಪಿಟ್ಟಿತು. ನನಗೆ ಕಣ್ಣು ಕತ್ತಲಿಟ್ಟ ಹಾಗಾಯಿತು.

ಸಂಜೆ ಸರಿಯಾಗಿ ಹಿರಿಯಾತನ ಫೋನು ಬಂತು. ಅವನು "ಅಕ್ಕೋರೆ" ಅನ್ನುವುದಕ್ಕೂ ಬಿಡಲಿಲ್ಲ ನಾನು. ಬಣ್ಣಕ್ಕೆ ನೀರು ಬೆರೆಸಿದ್ದೀರಿ, ಕೆಲಸ ಕೆಡಿಸಿದ್ದೀರಿ, ಐನೂರು ಯಾವ ಬಾಯಲ್ಲಿ ಕೇಳ್ತೀರಿ ಅಂತ ಬಾಯಿಗೆ ಬಂದದ್ದು ಅಂದು ಫೋನು ಇಟ್ಟುಬಿಟ್ಟೆ.

ಮರುದಿನ ಬಣ್ಣದ ಅಂಗಡಿಗೆ ಜಗಳಕ್ಕೆ ಹೋದೆ. ಅಂಗಡಿಯವರು ತಾಳ್ಮೆಯಿಂದ ಕೇಳಿ, "ಬೇರೆ ಗೋಡೆ ಎಲ್ಲಾ ಚೆನ್ನಾಗಿದೆಯಾ?" ಅಂದರು. ಹೌದು ಅಂದೆ. "ಒಂದೇ ಬಕೀಟು, ಒಂದೇ ಕೈ. ಒಂದು ಗೋಡೆ ಮಾತ್ರ ಕೆಟ್ಟರೆ ಅದು ಗೋಡೆ ದೋಷ ಅಲ್ವೇನಮ್ಮಾ?" ಅಂತ ಹೇಳಿ ಒಂದು ಉಪಾಯ ತಿಳಿಸಿದರು. ಒಂದು ಅಡಿಯಷ್ಟು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಗಾಳಿಯಾಡದ ಹಾಗೆ ಟೇಪು ಹಚ್ಚಿ ಅಂಟಿಸಿ, ಎರಡು ದಿನ ಬಿಡಬೇಕು. ಹಾಳೆಯ ಒಳಮೈಗೆ, ಅಂದರೆ ಗೋಡೆಯ ಕಡೆಗೆ ಹನಿ ಕಟ್ಟಿದರೆ ನೀರು ಗೋಡೆಯಿಂದಲೇ ಬರುತ್ತಿದೆ ಅಂತ ಅರ್ಥ. ಹೊರಮೈಗೆ ಹನಿ ಕಟ್ಟಿದರೆ ರೂಮಿನ ಗಾಳಿಯ ತೇವ.

ಹಾಗೇ ಮಾಡಿದೆ. ಸೆಪ್ಟೆಂಬರ್ 3ಕ್ಕೆ ಹೋಗಿ ನೋಡಿದರೆ ಒಳಮೈ ತುಂಬ ಮುತ್ತಿನ ಹಾಗೆ ಹನಿಗಳು! ಗೋಡೆಯೊಳಗಿನ ನೀರು ಹೊರಗೆ ಬರಲು ದಾರಿ ಹುಡುಕುತ್ತದೆ. ಮೇಲೆ ಹೊಸ ಬಣ್ಣದ ಪದರ ಬಿದ್ದರೆ ದಾರಿ ಮುಚ್ಚಿ, ಬಣ್ಣವನ್ನೇ ಗುಳ್ಳೆಯಾಗಿ ಎತ್ತಿಬಿಡುತ್ತದೆ. ಓನರನ್ನು ಕರೆದು ತೋರಿಸಿದೆ. ಕೊಳಾಯಿಯವನು ಬಂದು ನೋಡಿದ. ಬಚ್ಚಲಿನ ಗೋಡೆಯೊಳಗಿನ ಪೈಪಿನ ಜೋಡಣೆಯಲ್ಲಿ ಸಣ್ಣಗೆ ನೀರು ಸೋರುತ್ತಿತ್ತು. ಎಷ್ಟು ವರ್ಷದಿಂದಲೋ!

ಆ ಕ್ಷಣ ನನಗೆ ಅಡ್ವಾನ್ಸಿನ ನೆನಪು ಆಗಲಿಲ್ಲ ಸೋದರಿಯರೇ. ಗೋಡೆಗೆ ಅಂಗೈ ಊರಿ ನಿಂತಿದ್ದ ಆ ಹಿರಿಯಾತ ಕಣ್ಣಮುಂದೆ ಬಂದ. ಅವನು ಮೊದಲ ದಿನವೇ ಹೇಳಿದ್ದ. ನಮ್ಮ ಓನರು ನನ್ನ ದುಡ್ಡು ಹಿಡಿದುಕೊಂಡರು ಅಂತ ನಾನು ಮೂರು ದಿನ ಊಟ ಸೇರದೆ ಒದ್ದಾಡಿದೆ. ಅದೇ ಕೆಲಸವನ್ನು ನಾನೂ ಮಾಡಿದ್ದೆ. ನಮಗಾದರೆ 1,80,000ದ ಮಾತು, ಅವನಿಗೆ ಐನೂರು. ಆದರೆ ಆ ಐನೂರು ಅವನ ಅರ್ಧ ದಿನದ ಬೆವರು. ನನ್ನ ಅಡ್ವಾನ್ಸಿನ ಹಾಗೆ ಕರಾರು ಪತ್ರ ಕೂಡ ಇಲ್ಲದ ದುಡ್ಡು.

ಫೋನು ಮಾಡಿದೆ. ಎತ್ತಲಿಲ್ಲ. ಎತ್ತಲಿ ಅಂತ ನಿರೀಕ್ಷಿಸುವ ಹಕ್ಕಾದರೂ ನನಗೆಲ್ಲಿತ್ತು? ಮರುದಿನ ಬೆಳಿಗ್ಗೆ ಸರ್ಕಲ್ಲಿಗೆ ಹೋದೆ, ಇರಲಿಲ್ಲ. ಅದರ ಮರುದಿನ, ಗೌರಿ ಹಬ್ಬದ ಹಿಂದಿನ ದಿನ, ಮತ್ತೆ ಹೋದೆ. ಅದೇ ಜಾಗದಲ್ಲಿ ಅದೇ ಕೈಚೀಲ ಹಿಡಿದು ನಿಂತಿದ್ದ. ನನ್ನನ್ನು ನೋಡಿ ಹುಡುಗ ಮುಖ ತಿರುಗಿಸಿದ.

"ತಪ್ಪಾಯ್ತು ಯಜಮಾನ್ರೆ. ಗೋಡೆ ಒಳಗೆ ಪೈಪ್ ಸೋರ್ತಿತ್ತು" ಅಂದು ಐನೂರರ ನೋಟು ಚಾಚಿದೆ.

"ನಾ ಅವತ್ತೇ ಹೇಳಿದ್ನೆಲ್ರೀ ಅಕ್ಕೋರೆ" ಅಂದ. ಕೋಪವಿಲ್ಲ, ನಗುವೂ ಇಲ್ಲ. ದಿನದ ಮೊದಲ ದುಡ್ಡು ಅಂತಲೋ ಏನೋ, ನೋಟನ್ನು ಕಣ್ಣಿಗೆ ಒತ್ತಿಕೊಂಡು ಜೇಬಿಗಿಟ್ಟ. ಆಮೇಲೆ, "ಅದನ್ನ ಈಗೇ ಬಳಸಬ್ಯಾಡ್ರಿ ಅಂತ ಮಾಲಕರಿಗಿ ಹೇಳ್ರಿ. ಪೈಪು ರಿಪೇರಿ ಮಾಡ್ಸಿ ದೀಪಾವಳಿ ತನ ಬಿಡ್ಲಾಕ ಹೇಳ್ರಿ. ಒಣಗಬೇಕು" ಅಂದ. ಅಷ್ಟಾದ ಮೇಲೂ ಅವನಿಗೆ ಆ ಗೋಡೆಯದೇ ಚಿಂತೆ!

ಓನರು ಏನು ಮಾಡಿದರು ಅಂತ ಕೇಳುತ್ತೀರಾ? ಹತ್ತು ದಿನ ಅಲೆಸಿ, ಶುಚಿ ಮಾಡಿಸುವ ಖರ್ಚು ಅಂತ ಮೂರು ಸಾವಿರ ಹಿಡಿದು ಮಿಕ್ಕದ್ದು ಕೊಟ್ಟರು. ಹೊಸ ಮನೆಯವರ ಗಡುವಿಗೆ ಹೇಗೋ ಸರಿಹೋಯಿತು. ಆ ಮೂರು ಸಾವಿರಕ್ಕೆ ನಾನು ಮತ್ತೆ ಜಗಳ ಆಡಲಿಲ್ಲ. ಆದರೆ ಆ ಗೋಡೆ ಒಣಗಿದ ಮೇಲೆ ಇವರನ್ನೇ ಕರೆಯಿರಿ ಅಂತ ಹಿರಿಯಾತನ ನಂಬರು ಬರೆದುಕೊಟ್ಟು ಬಂದೆ.

ಪತ್ರ ಬರೆದ ಸೋದರಿಗೆ ಈಗ ನನ್ನ ಉತ್ತರ:

ಕೂಲಿಯವರನ್ನು ಕರೆಯುವ ಮೊದಲೇ ಬೀರು, ಮಂಚ ಸರಿಸಿ ಎಲ್ಲ ಗೋಡೆಗಳನ್ನೂ ಮುಟ್ಟಿ ನೋಡಿ. ಬಚ್ಚಲುಮನೆಗೆ ಅಂಟಿದ ಗೋಡೆ, ಕಿಟಕಿಯ ಕೆಳಗಿನ ಗೋಡೆ ಮುಖ್ಯ. ಉಪ್ಪು ಎದ್ದಿದ್ದರೆ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮಾಡಿ, ಫೋಟೋ ತೆಗೆದು ಮನೆಯವರಿಗೆ ಆಗಲೇ ತಿಳಿಸಿ. ಸೋರುವುದು ನಿಂತು ಗೋಡೆ ಒಣಗುವ ತನಕ ಅದಕ್ಕೆ ಬಣ್ಣ ಬೇಡ.

ಮಳೆಗಾಲದಲ್ಲಿ ಮನೆ ಬಿಡುವುದಾದರೆ ಒಂದು ವಾರವಾದರೂ ಹೆಚ್ಚಿಗೆ ಇಟ್ಟುಕೊಳ್ಳಿ. ಒಂದು ಕೈ ಒಣಗದೆ ಇನ್ನೊಂದು ಕೈ ಹೊಡೆಯಬಾರದು.

ದಿನಕ್ಕೆಷ್ಟು, ಎಷ್ಟು ಗಂಟೆಯಿಂದ ಎಷ್ಟರ ತನಕ, ಊಟ ಯಾರದು, ಎಲ್ಲ ಸರ್ಕಲ್ಲಿನಲ್ಲೇ ಮಾತಾಡಿಕೊಳ್ಳಿ. ಏಣಿ ಗಟ್ಟಿಯಿದೆಯೇ ನೋಡಿ, ಒಬ್ಬರು ಹತ್ತಿದಾಗ ಇನ್ನೊಬ್ಬರು ಹಿಡಿದಿರಲಿ. ಸ್ವಿಚ್ಚಿನ ಸುತ್ತ ಬಳಿಯುವಾಗ ಮೇನ್ ಆಫ್ ಮಾಡಿ.

ಹಳೇ ಕಟ್ಟಡವಾದರೆ ಬಣ್ಣವನ್ನು ಒಣ ಒಣಗಾಗಿ ಕೆರೆಯಬೇಡಿ, ನೀರು ಚಿಮುಕಿಸಿ ಕೆರೆಸಿ. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ, ಅದರಲ್ಲೂ ಬಾಗಿಲು ಕಿಟಕಿಯ ಎಣ್ಣೆ ಬಣ್ಣದಲ್ಲಿ, ಸೀಸ ಇರಬಹುದು. ಆ ಧೂಳು ಮಕ್ಕಳಿಗೂ ಬಸುರಿಯರಿಗೂ ಒಳ್ಳೆಯದಲ್ಲ, ಕೆರೆಯುವವರಿಗೂ ಒಳ್ಳೆಯದಲ್ಲ. ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಸಣ್ಣ ಧೂಳನ್ನು ತಡೆಯುವ ಮಾಸ್ಕ್ ಹಾಕಿಸಿ.

ಕೊನೆಯದಾಗಿ, ಅಂದಿನ ಕೂಲಿ ಅಂದೇ, ಪೂರ್ತಿ ಕೊಡಿ. ನಿಮ್ಮ ಅಡ್ವಾನ್ಸು ಬರುವುದಕ್ಕೂ ಅವರ ಕೂಲಿಗೂ ಗಂಟು ಹಾಕಬೇಡಿ. ನಂಬಬಹುದೇ ಅಂತ ಕೇಳಿದಿರಲ್ಲ, ಇಪ್ಪತ್ತು ವರ್ಷ ಗೋಡೆ ಮುಟ್ಟಿದ ಕೈ "ಹಸಿ ಅದ" ಅಂದರೆ ಬ್ರಷ್ಷು ಕೆಳಗಿಟ್ಟು ಅದನ್ನು ಕೇಳಿ.

ಹೊಸ ಮನೆಗೆ ಬಂದ ದಿನವೇ ನಾನು ಎಲ್ಲ ಗೋಡೆಗಳ ಫೋಟೋ ತೆಗೆದಿಟ್ಟುಕೊಂಡೆ. ಬೀರುವನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟಿದ್ದೇನೆ. ಮಗಳು ಹಳೇ ಫೋಟೋ ನೋಡಿಕೊಂಡು, ಅಳತೆ ಪಟ್ಟಿ ಹಿಡಿದು, ತನ್ನ ಎತ್ತರದ ಗೆರೆಗಳನ್ನೆಲ್ಲ ಈ ಸಲ ಬೀರುವಿನ ಪಕ್ಕಕ್ಕೇ ಬರೆದುಕೊಂಡಿದ್ದಾಳೆ. ಮುಂದಿನ ಮನೆಗೆ ಹೋದರೆ ಅದೂ ಜೊತೆಗೇ ಬರುತ್ತದಂತೆ!